ಅವ್ವನ ಕಣ್ಣು ತೋರಿಸಿಕೊಂಡು ಬಂದದ್ದು

ನಮ್ಮ ಮನೆತನದಲ್ಲಿ ಸುಮ್ಮನೆ ಪೇಟೆಗೆ ಹೋಗಿಬಂದವರು ಒಬ್ಬರೂ ಇಲ್ಲ. ಪೇಟೆಗೆ ಹೋಗಬೇಕಾದರೆ ನೆಂಟರಲ್ಲಿ ಯಾರಾದರೂ ಸಾಯಬೇಕು, ಇಲ್ಲವೇ ಯಾರದಾದರೂ ಮದುವೆಯಾಗಬೇಕು. ಎರಡೂ ಇಲ್ಲದ ಕಾಲದಲ್ಲಿ ಮೈಮೇಲೆ ಒಂದು ಕಾಯಿಲೆಯನ್ನಾದರೂ ತಂದುಕೊಳ್ಳಬೇಕು. ಕಾರಣವಿಲ್ಲದೆ ಬಸ್ಸು ಹತ್ತಿದವನನ್ನು ನಮ್ಮೂರಿನಲ್ಲಿ ಕುಡುಕನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತಾರೆ. ನಮ್ಮಪ್ಪ ಒಮ್ಮೆ ಪಂಪ್‌ಸೆಟ್ಟಿನ ವಾಷರು ತರಲು ಮದ್ದೂರಿಗೆ ಹೋದವನು, ಹೋಟೆಲಿನಲ್ಲಿ ಕೂತು ಎರಡು ವಡೆ ತಿಂದುಬಂದ. ಅದನ್ನು ಊರಿನವರು ಯಾರೋ ನೋಡಿಬಿಟ್ಟಿದ್ದರು. ಆಮೇಲೆ ಒಂದು ವಾರ ಅಪ್ಪ ಜಗಲಿಯ ಮೇಲೆ ಕೂತು, ಬಸ್ಸಿನ ಟೈರು ಪಂಚರ್ ಆದದ್ದನ್ನೂ, ಡ್ರೈವರು ಜಾಕಿಗಾಗಿ ಪರದಾಡಿದ್ದನ್ನೂ, ಅಷ್ಟು ಹೊತ್ತು ಬಿಸಿಲಿನಲ್ಲಿ ನಿಲ್ಲಲಾರದೆ ತಾನು ಹೋಟೆಲಿನ ನೆರಳಿಗೆ ಹೋದದ್ದನ್ನೂ, ನೆರಳಿಗೆ ಹೋದಮೇಲೆ ಏನನ್ನೂ ತಿನ್ನದೆ ಕೂರುವುದು ಮರ್ಯಾದೆಯಲ್ಲವಾದ್ದರಿಂದ ವಡೆ ತರಿಸಿದ್ದನ್ನೂ ಕೇಳಿದವರಿಗೂ ಕೇಳದವರಿಗೂ ವಿವರಿಸಿದ. ಎರಡನೆಯ ವಡೆಗೆ ಮಾತ್ರ ಅವನಿಂದ ಸರಿಯಾದ ಕಾರಣ ಕೊಡಲಾಗಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಚರಿತ್ರೆಯಲ್ಲಿ ಎಂ.ಎ. ಮಾಡಿ, ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನಾನು, ಒಂದು ಭಾನುವಾರ ಅವ್ವನನ್ನು ಯಾವ ಕಾರಣವೂ ಇಲ್ಲದೆ ಮಂಡ್ಯಕ್ಕೆ ಕರೆದುಕೊಂಡು ಹೋಗಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತಿದ್ದೇನೆ. ಯಾವ ಭಾನುವಾರ ಎಂದು ಕೇಳಬೇಡಿ. ಡೈರಿ ಇದೆ, ಆದರೆ ಇಸವಿ ಇದ್ದ ಮುಖಪುಟ ಹರಿದುಹೋಗಿದೆ. ಎಪ್ಪತ್ತರ ದಶಕ ಅರ್ಧ ದಾಟಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ. ಏಕೆಂದರೆ ನಾನಿನ್ನೂ ಬೆಲ್‌ಬಾಟಂ ಪ್ಯಾಂಟು ಹೊಲಿಸಿಕೊಂಡಿರಲಿಲ್ಲ. ಆ ದಿನದ ಪುಟದ ಮೊದಲಿಗೆ ಹೀಗಿದೆ: 'ಅವ್ವನೊಡನೆ ಮಂಡ್ಯ. ಸೀರೆ, ಊಟ, ನಾಟಕ. ಅವ್ವನಿಗೆ ಸಂತೋಷವಾಯಿತು.' ಮೊದಲ ಎರಡು ವಾಕ್ಯಗಳನ್ನು ನಂಬಬಹುದು. ಮೂರನೆಯದು ಅನುಮಾನಾಸ್ಪದ. ಶಾಸನ ಕೆತ್ತಿಸಿದ ರಾಜನೇ ತನ್ನ ಪ್ರಜೆಗಳು ಸುಖವಾಗಿದ್ದರೆಂದು ಬರೆಸಿಕೊಂಡಿದ್ದರೆ ಅದನ್ನು ಹಾಗೆಯೇ ನಂಬಬೇಡಿ ಎಂದು ಹುಡುಗರಿಗೆ ಪಾಠ ಹೇಳುವವನು ನಾನು. ಅವ್ವನಿಗೆ ಸಂತೋಷವಾಯಿತೆಂದು ಬರೆದ ಕೈ ನನ್ನದು. ಅವ್ವನನ್ನು ಕೇಳಿ ಬರೆದೆನೆ ಎಂಬುದು ನೆನಪಿಲ್ಲ. ಆದ್ದರಿಂದ ಮುಂದಿನದನ್ನು ಡೈರಿಯಿಂದ ಅಷ್ಟು, ನೆನಪಿನಿಂದ ಅಷ್ಟು, ಆಮೇಲೆ ಬೇರೆಯವರ ಬಾಯಿಂದ ಕೇಳಿ ಅವಮಾನಪಟ್ಟದ್ದರಿಂದ ಅಷ್ಟು ಸೇರಿಸಿ ಹೇಳುತ್ತೇನೆ.

ಅವ್ವ ಬಸರಾಳಿನ ಕಡೆಯವಳು. ಅವಳು ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ತವರಿನ ಪಕ್ಕದೂರಿಗೆ ನಾಟಕದವರು ಬಂದಿದ್ದರಂತೆ. ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೋದರಂತೆ. ರಾಜ ರಾಣಿಯನ್ನು ಕಾಡಿಗೆ ಅಟ್ಟಿದ, ರಾಣಿ ಮರದ ಕೆಳಗೆ ಕೂತು ಹಾಡಲು ಬಾಯಿ ತೆರೆದಳು, ಅಷ್ಟರಲ್ಲಿ ನಮ್ಮ ತಾತನಿಗೆ ಮನೆಯಲ್ಲಿದ್ದ ತುಂಬುಗಬ್ಬದ ಎಮ್ಮೆಯ ನೆನಪಾಯಿತು. ಎಲ್ಲರನ್ನೂ ಎಬ್ಬಿಸಿ ಗಾಡಿಗೆ ಹತ್ತಿಸಿಕೊಂಡು ಬಂದುಬಿಟ್ಟ. ಎಮ್ಮೆ ಈದದ್ದು ಮೂರು ದಿನದ ಮೇಲೆ. ಮದುವೆಯಾಗಿ ಬಂದಮೇಲೆ ನಮ್ಮೂರ ಗರಡಿಯ ಹುಡುಗರು ಒಂದು ನಾಟಕ ಆಡಿದರು. ಅದು ಅರ್ಧಕ್ಕೆ ಬರುವ ಹೊತ್ತಿಗೆ ಅವ್ವನ ಮಡಿಲಲ್ಲಿದ್ದ ಕೂಸು ಚಿಟ್ಟನೆ ಚೀರಿಕೊಂಡು, ಮನೆಗೆ ಬರುವವರೆಗೂ ಬಾಯಿ ಮುಚ್ಚಲಿಲ್ಲ. ಆ ಕೂಸು ನಾನು. ಹೀಗೆ ಒಂದಲ್ಲ ಒಂದು ಕಾರಣಕ್ಕೆ ಅವ್ವ ನೋಡಿದ ನಾಟಕಗಳೆಲ್ಲ ಅರ್ಧ. ಅವಳ ತಲೆಯೊಳಗೆ ರಾಣಿಯರೆಲ್ಲ ಇನ್ನೂ ಕಾಡಿನಲ್ಲೇ ಇದ್ದರು, ಯಾರೂ ಊರಿಗೆ ವಾಪಸು ಬಂದಿರಲಿಲ್ಲ.

ಆ ವರ್ಷ ಮಂಡ್ಯದಲ್ಲಿ ಒಂದು ನಾಟಕ ಕಂಪನಿ ತಗಡಿನ ಥಿಯೇಟರು ಕಟ್ಟಿಕೊಂಡು ಮೂರು ತಿಂಗಳಿಂದ ಬೀಡುಬಿಟ್ಟಿತ್ತು. ನಾನು ಭಾರತೀನಗರದಿಂದ ಬೋಂಡ ಕಟ್ಟಿಸಿಕೊಂಡು ಬಂದದ್ದು ಅದರ ಕರಪತ್ರದಲ್ಲಿ. ಅವ್ವ ಬೋಂಡ ಬದಿಗಿಟ್ಟು, ಎಣ್ಣೆ ಹತ್ತಿದ ಕಾಗದವನ್ನು ದೀಪದ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಭಾನುವಾರ ಮದ್ಯಾನ ಮೂರು ಗಂಟೆಗೂ ಐತೆ ಅಂತ ಬರೆದವ್ರಲ್ಲಾ, ನಿಜವಾ?"

"ಹೂಂ."

"ಮೂರಕ್ಕೆ ಸುರುವಾದ್ರೆ ಎಷ್ಟಕ್ಕೆ ಮುಗಿದಾತು?"

"ಆರಕ್ಕೆ ಮುಗೀಬಹುದು."

ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಒಂದಿನ ನಿಮ್ಮಪ್ಪ ಆಲು ಕರಕಂಡ್ರೆ ಎಮ್ಮೆಯೇನೂ ಒದೆಯಾಕಿಲ್ಲ," ಎಂದಳು.

ಅವ್ವ ಅದಕ್ಕಿಂತ ಹೆಚ್ಚು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅವಳಿಗೆ ಒಂದು ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿಯೇ ತೀರುತ್ತೇನೆ ಎಂದು ಆಗಲೇ ನಿಶ್ಚಯಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಓದಿದವನ ಕೈಗೆ ಸಂತೋಷ ಸಿಕ್ಕರೆ ಅದಕ್ಕೊಂದು ವೇಳಾಪಟ್ಟಿ ಹಾಕದೆ ಬಿಡುವುದಿಲ್ಲ. ನಾಟಕ ಮಾತ್ರ ಸಾಲದು, ಅವ್ವನಿಗಾಗಿಯೇ ಒಂದು ಸೀರೆ, ಹೋಟೆಲಿನಲ್ಲಿ ಊಟ, ಆಮೇಲೆ ನಾಟಕ ಎಂದು ಕಾರ್ಯಕ್ರಮ ಬೆಳೆಸಿದೆ. ಹತ್ತೂವರೆಗೆ ಬಸ್ಸು, ಹನ್ನೆರಡಕ್ಕೆ ಸೀರೆ, ಒಂದೂವರೆಗೆ ಊಟ, ಮೂರಕ್ಕೆ ನಾಟಕ, ಆರೂವರೆಗೆ ವಾಪಸು ಮಳವಳ್ಳಿ ಬಸ್ಸು. ನಮ್ಮೂರು ಆ ದಾರಿಯಲ್ಲೇ ಸಿಗುತ್ತದೆ, ಅದು ತಪ್ಪಿದರೆ ಆ ದಿನಕ್ಕೆ ಬೇರೆ ಬಸ್ಸಿಲ್ಲ.

ಅಪ್ಪನಿಗೆ ಏನು ಹೇಳುವುದೆಂಬ ಪ್ರಶ್ನೆಯನ್ನು ಅವ್ವನೇ ಬಗೆಹರಿಸಿದಳು. ಹಲ್ಲುನೋವು ಅಂದರೆ ಒಂದು ಹಲ್ಲನ್ನಾದರೂ ಕೀಳಿಸಿಕೊಂಡು ಬಂದು ತೋರಿಸಬೇಕಾಗುತ್ತದೆ. ಹೊಟ್ಟೆನೋವು ಅಂದರೆ ಹೋಟೆಲಿಗೆ ಕಲ್ಲು ಬೀಳುತ್ತದೆ. ಕಣ್ಣು ಮಂಜಾಗಿದೆ ಅಂದರೆ ಯಾರೂ ಒಳಗೆ ಹೊಕ್ಕು ನೋಡಲಾರರು. ಮಂಡ್ಯಕ್ಕೆ ಮೈಸೂರಿನಿಂದ ಭಾನುವಾರ ಭಾನುವಾರ ಒಬ್ಬ ಕಣ್ಣಿನ ಡಾಕ್ಟರು ಬರುತ್ತಾರೆಂದು ನಾನು ಸೇರಿಸಿದೆ. ಅಪ್ಪ ಒಪ್ಪಿಕೊಂಡ. ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಅವನ ಪ್ರೀತಿಯನ್ನು. ಅಪ್ಪ ಬೆಳಗಾಗೆದ್ದು ಹಿತ್ತಲಿನ ನಂದಿಬಟ್ಟಲ ಹೂವು ಕಿತ್ತು ತಂದು, ಅವ್ವನನ್ನು ಅಂಗಾತ ಮಲಗಿಸಿ, ಎರಡು ಕಣ್ಣಿಗೂ ರಸ ಹಿಂಡತೊಡಗಿದ. ಮೂರು ದಿನ ಬೆಳಿಗ್ಗೆ ಸಂಜೆ ಹಿಂಡಿದ. ಚೆನ್ನಾಗಿದ್ದ ಕಣ್ಣುಗಳು ಭಾನುವಾರದ ಹೊತ್ತಿಗೆ ದಾಸವಾಳದ ಹಾಗೆ ಕೆಂಪಾಗಿದ್ದವು. "ನೋಡ್ದಾ, ನಾನು ನಂಬಿರ್ನಿಲ್ಲ, ನಿಜವಾಗ್ಲೂ ಕೆಟ್ಟವೆ. ಬೇಗ ಕರ್ಕಂಡೋಗ್ಲಾ," ಎಂದು ಅಪ್ಪನೇ ನಮ್ಮನ್ನು ಬಸ್ಸಿಗೆ ಹತ್ತಿಸಿದ.

ಬಸ್ಸಿನಲ್ಲಿ ನಾನು ಕಿಟಕಿ ನೋಡಿದ್ದಕ್ಕಿಂತ ಕೈಗಡಿಯಾರ ನೋಡಿದ್ದು ಹೆಚ್ಚು. ಕಬ್ಬಿನ ಗಾಡಿಗಳು ಅಡ್ಡ ಬಂದಾಗಲೆಲ್ಲ ನನ್ನ ವೇಳಾಪಟ್ಟಿಯಿಂದ ಐದೈದು ನಿಮಿಷ ಉದುರುತ್ತಿತ್ತು. ಅವ್ವ ಮಾತ್ರ ಪಕ್ಕದ ಸೀಟಿನವಳಿಗೆ ಮಂಜು ಮಂಜಾಗಿ ಕಾಣುತ್ತದೆಂದೂ, ಹಿಂದಿನ ಸೀಟಿನವಳಿಗೆ ಒಂದು ಎರಡಾಗಿ ಕಾಣುತ್ತದೆಂದೂ, ಕಂಡಕ್ಟರಿಗೆ ಏನೂ ಕಾಣುವುದೇ ಇಲ್ಲವೆಂದೂ ಹೇಳುತ್ತ ಆರಾಮವಾಗಿದ್ದಳು. ಅವಳು ಹೀಗೆ ನಟಿಸಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಆಡುತ್ತಿದ್ದ ಮಾತುಗಳಲ್ಲಿ ಯಾವುವು ನಿಜ ಎಂಬ ಅನುಮಾನ ಅಂದಿನಿಂದ ಶುರುವಾದದ್ದು.

ಪೇಟೆ ಬೀದಿಯ ಜವಳಿ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಹನ್ನೆರಡೂಕಾಲು. ಸೀರೆ ಯಾರಿಗೆ ಎಂದು ಅಂಗಡಿಯವನು ಕೇಳಿದ. ಅವ್ವ "ಸುಮ್ನೆ ತೋರ್ಸಿ" ಎಂದಳು. ಒಂದೊಂದು ಸೀರೆ ಬಿಚ್ಚಿದಾಗಲೂ ಇದು ನಮ್ಮಕ್ಕನಿಗೆ ಒಪ್ಪುತ್ತೆ, ಇದು ಚಿಕ್ಕವ್ವನ ಮಗಳ ಬಣ್ಣಕ್ಕೆ ಸರಿಹೋಗುತ್ತೆ ಎಂದು ಮನಸ್ಸಿನಲ್ಲೇ ಊರಿಗೆಲ್ಲ ಹಂಚಿದಳು. ತನಗೊಂದು ಆರಿಸಿಕೊಳ್ಳುವ ಅಭ್ಯಾಸವೇ ಅವಳಿಗಿರಲಿಲ್ಲ. ನಾನು ಒಂದು ಸಲ ಎದ್ದು ಬೀದಿಗೆ ಹೋಗಿ ಬಂದೆ, ಇನ್ನೊಂದು ಸಲ ಎದ್ದು ಗೋಡೆಯ ಗಡಿಯಾರವೂ ನನ್ನ ಗಡಿಯಾರವೂ ಹೊಂದುತ್ತವೆಯೇ ನೋಡಿದೆ. ಒಂದು ಗಂಟೆ ದಾಟಿದ ಮೇಲೆ ನೇರಳೆ ಬಣ್ಣದ, ಅರಿಸಿನದ ಅಂಚಿನ ಒಂದು ಸೀರೆ ಬಂತು. ರೇಷ್ಮೆ ಬೆರಕೆಯದು. ಅವ್ವ ಮೆಲ್ಲಗೆ ಎದ್ದು, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನಿಲುವುಗನ್ನಡಿಯ ಮುಂದೆ ನಿಂತಳು. ಆಗ ಕನ್ನಡಿಯಲ್ಲಿ ಅವಳ ಹಿಂದೆ ಇನ್ನೊಂದು ಮುಖ ಕಾಣಿಸಿತು. ಅದು ನನ್ನ ಸೋದರತ್ತೆ ಪುಟ್ಟತಾಯಮ್ಮನದು.

ಅತ್ತೆ ಅಪ್ಪನ ತಂಗಿ, ಮಂಡ್ಯದಲ್ಲೇ ಮನೆ. ಅವಳಿಗೆ ಸರೋಜ ಎಂಬ ಒಬ್ಬಳೇ ಮಗಳು. ನಮ್ಮ ಕಡೆಯ ಎರಡು ಪದ್ಧತಿಗಳನ್ನು ಇಲ್ಲಿ ಹೇಳಿಬಿಡಬೇಕು. ಮದುವೆಗೆ ಜವಳಿ ತೆಗೆಯುವುದೆಂದರೆ ಮನೆಯವರಿಬ್ಬರು ಹೋಗಿ ಸೀರೆ ತರುವುದಲ್ಲ. ನೆಂಟರನ್ನೆಲ್ಲ ಕರೆಯಬೇಕು, ಸೋದರತ್ತೆ ಮುಂದಿರಬೇಕು, ಅವಳು ಮುಟ್ಟಿದ ಮೇಲೆ ಮಿಕ್ಕವರು ಮುಟ್ಟಬೇಕು. ಎರಡನೆಯದು, ಸೋದರತ್ತೆಗೆ ಮದುವೆಗೆ ಬಂದ ಮಗಳಿದ್ದರೆ ಅವಳನ್ನು ಕೇಳದೆ ಬೇರೆ ಕಡೆ ಹೆಣ್ಣು ನೋಡುವಂತಿಲ್ಲ. ಈಗ ಅತ್ತೆಯ ಕಣ್ಣಿಗೆ ಬಿದ್ದದ್ದೇನು? ಮದುವೆಯಾಗದ ನಾನು, ಪಕ್ಕದಲ್ಲಿ ಸೀರೆಗಳ ರಾಶಿ, ಅವ್ವನ ಹೆಗಲ ಮೇಲೆ ರೇಷ್ಮೆ.

"ಏನತ್ಗೆ, ಕದ್ದು ಜವಳಿ ತೆಗೀತಾ ಇದ್ದೀರಾ?" ಎಂದಳು ಅತ್ತೆ. ಕೂಗಲಿಲ್ಲ. ಕೂಗಿದ್ದರೆ ವಾಸಿಯಾಗುತ್ತಿತ್ತು. "ಎಣ್ಣು ಯಾವೂರ್ದು? ಮೈಸೂರ್ದಾ? ನಿನ್ ಮಗ ಎಮ್ಮೆ ಮಾಡವ್ನೆ, ಎಣ್ಣೂ ಎಮ್ಮೆ ಮಾಡಿರ್ಬೇಕು. ನಮ್ ಸರೋಜ ಬರೀ ಎಸ್ಸೆಲ್ಸಿ ಕಣವ್ವ. ಆದ್ರೂ ನಮ್ ಬಾಗ್ಲಿಗೆ ಬಂದು, ಬ್ಯಾರೆ ಕಡೆ ನೋಡ್ತಿದ್ದೀವಿ ಅಂತ ಒಂದು ಮಾತು ಅಂದಿದ್ರೆ ನಿಮ್ ಗಂಟೇನು ಓಗ್ತಿತ್ತು?"

"ಅತ್ತೆ, ಹಾಗಲ್ಲ, ಸೀರೆ ಅವ್ವನಿಗೇ..." ಎಂದು ನಾನು ಶುರುಮಾಡಿದೆ. ಅವ್ವ ನನ್ನ ಕಾಲು ತುಳಿದಳು. ನಿಜ ಹೇಳುವುದು ಎಷ್ಟು ಅಸಾಧ್ಯವೆಂದು ಆಗ ನನಗೆ ಹೊಳೆಯಿತು. ಹಬ್ಬವಿಲ್ಲ, ಮದುವೆಯಿಲ್ಲ, ಬೆಳೆದ ಮಗನ ತಾಯಿಯೊಬ್ಬಳು ತನಗಾಗಿ ರೇಷ್ಮೆ ಅಂಚಿನ ಸೀರೆ ತೆಗೆದು, ಹೋಟೆಲಿನಲ್ಲಿ ಉಂಡು, ನಾಟಕ ನೋಡಲು ಬಂದಿದ್ದಾಳೆ ಎನ್ನುವುದಕ್ಕಿಂತ ಕದ್ದು ಮದುವೆ ಮಾಡುತ್ತಿದ್ದೇವೆ ಎನ್ನುವುದೇ ಗೌರವದ ಮಾತು. ಅಷ್ಟರಲ್ಲಿ ಅತ್ತೆ ಬಿಳಿ ಹಾಸಿನ ಮೇಲೆ ಕೂತು, ಕಾಲು ಮಡಿಸಿ, ಎಲೆಯಡಿಕೆ ಚೀಲ ಬಿಚ್ಚಿದಳು. "ಇವತ್ತು ಇಲ್ಲೇ ತೀರ್ಮಾನ ಆಗ್ಲಿ," ಎಂದಳು.

ಅತ್ತೆ ಎಲೆಯಡಿಕೆ ಚೀಲ ಬಿಚ್ಚಿ ಕೂತರೆ ಮೂರು ಗಂಟೆಗೆ ಕಡಿಮೆ ಏಳುವವಳಲ್ಲ. ಅವ್ವ ಗೋಡೆಯ ಗಡಿಯಾರ ನೋಡಿದಳು. ಎರಡಾಗಲು ಹತ್ತು ನಿಮಿಷ. ಅತ್ತೆಯನ್ನು ನೋಡಿದಳು. ಹೆಗಲ ಮೇಲಿದ್ದ ಸೆರಗನ್ನು ಒಂದು ಗಳಿಗೆ ಬೆರಳಿನಲ್ಲಿ ಹಿಡಿದುಕೊಂಡು, ಆಮೇಲೆ ತೆಗೆದು ಮಡಿಸಿ, ಅತ್ತೆಯ ತೊಡೆಯ ಮೇಲಿಟ್ಟಳು.

"ನಿನ್ ಬಾಯಿಗಿಷ್ಟು, ಪುಟ್ಟತಾಯಿ. ಈ ಸೀರೆ ನಿನ್ ಮಗಳಿಗೆ ಕಣವ್ವ. ನಾನೇ ಮನೆಗ್ ಬಂದು ಕೊಡನ ಅಂತಿದ್ದೆ, ಅಷ್ಟರಲ್ಲಿ ನೀನೇ ಸಿಕ್ಕುಬುಟ್ಟೆ."

ಗಂಡಿನ ತಾಯಿ ಸೋದರತ್ತೆಯ ಮಗಳಿಗೆ ಕೊಟ್ಟ ಸೀರೆ ಬರೀ ಸೀರೆಯಲ್ಲ ಎಂಬುದು ಅಂಗಡಿಯವನಿಗೂ ಗೊತ್ತಿತ್ತು. ಅವನು ಯಾರೂ ಹೇಳದೆ ಕಟ್ಟಿನ ಮೂಲೆಗೆ ಅರಿಸಿನ ಕುಂಕುಮ ಹಚ್ಚಿದ. ಅತ್ತೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಅವಳ ಕಣ್ಣಲ್ಲಿ ನೀರು. ಮನೆಗೆ ಬಂದು ಉಂಡೇ ಹೋಗಬೇಕು, ಕೋಳಿ ಕೊಯ್ಯಿಸುತ್ತೇನೆ ಎಂದಳು. "ಕಣ್ಣಿನ ಡಾಕ್ಟ್ರು ಮೂರು ಗಂಟೆಗೆ ಬರೇಳವ್ರೆ ಕಣವ್ವ, ನೋಡು ಎಂಗ್ ಕೆಂಪಗಾಗವೆ," ಎಂದು ಅವ್ವ ಮುಖ ಮುಂದೆ ಮಾಡಿದಳು. ಅತ್ತೆ ನೋಡಿ, "ಅಯ್ಯೋ, ಸಂತೋಸಕ್ಕೆ ಅಳ್ತಾವ್ಳೆ ಅಂದ್ಕಂಡಿದ್ದೆ," ಎಂದು, ಸೀರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಗಳಿಗೆ ತೋರಿಸಲು ಓಡಿದಳು.

ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಅರ್ಧ ಬಾಗಿಲಿನ ಹಿಂದೆ, ಅವ್ವ ತನ್ನ ಜೀವಮಾನದ ಮೊದಲ ಮಸಾಲೆ ದೋಸೆಯನ್ನು ಎದುರಿಗಿಟ್ಟುಕೊಂಡು ಕೂತಳು. ಊಟ ಬೇಡ, ಊಟ ದಿನಾ ಇದ್ದದ್ದೇ ಎಂದಿದ್ದಳು. ನಾನು ನನ್ನ ದೋಸೆಯನ್ನು ಬದಿಗೆ ಸರಿಸಿ ಅವಳ ಕಡೆ ಬಾಗಿದೆ.

"ಅವ್ವ, ಏನು ಮಾಡಿದೆ ಅಂತ ಗೊತ್ತಾ ನಿನಗೆ?"

"ಪಲ್ಯನ ಒಳಕ್ಕೆ ಎಂಗ್ ಇಟ್ಟವ್ರೆ ನೋಡ್ಲಾ."

"ನನ್ನ ಮದುವೆ ಮಾತು ಕೊಟ್ಟುಬಿಟ್ಟೆಯಲ್ಲ. ನನ್ನನ್ನ ಒಂದು ಮಾತು ಕೇಳಬೇಡವಾ?"

"ಕೇಳಾಕೆ ಒತ್ತೆಲ್ಲಿತ್ತು? ಎರಡು ಗಂಟೆ ಆಗೋಯ್ತಿತ್ತು. ಗಡಿಯಾರ ನೋಡ್ತಿದ್ದೋನು ನೀನೇ ಅಲ್ವಾ?"

"ಈಗ ಸರೋಜನ್ನ ನಾನು ಮದುವೆ ಆಗಬೇಕಾ?"

ಅವ್ವ ದೋಸೆಯ ತುದಿ ಮುರಿದು ಚಟ್ನಿಗೆ ಅದ್ದಿದಳು. "ಮದುವೆ ಇವತ್ತೇನಾಗಾಕಿಲ್ಲ ತಗಾ. ನಾಟಕ ಇರೋದು ಇವತ್ತು ಕಣ್ಲಾ."

ನಾನು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗುವ ಅಪಾಯದ ಬಗ್ಗೆ ಸಣ್ಣ ದನಿಯಲ್ಲಿ ಮಾತಾಡಿದೆ. ಅವ್ವ ಎಲ್ಲಕ್ಕೂ ಹೂಂ ಎಂದಳು. ಕೊನೆಗೆ, "ನಿನ್ ದೋಸೆ ಆರೋಯ್ತದೆ, ಇತ್ತಾಗ್ ತಳ್ಳು," ಎಂದು ಅದನ್ನೂ ತಿಂದಳು. ಸೀರೆ ಹೋಯಿತೆಂದು ಬೇಸರವೇ ಎಂದು ಕೇಳಿದೆ. ಲೋಟ ತಿರುಗಿಸಿಡುತ್ತ, "ಚೆಂದಾಗಿತ್ತು," ಎಂದಳು. ಅಷ್ಟೇ.

ತಗಡಿನ ಥಿಯೇಟರಿನಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ, ನಡುವೆ ಒಂದು ಹಗ್ಗ. ಅವ್ವ ಆ ಕಡೆ ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಳು. ನಾನು ಈ ಕಡೆ ಹಿಂದಿನ ಬೆಂಚಿನಲ್ಲಿ ಕೂತೆ. ಹಾರ್ಮೋನಿಯಂ ಶುರುವಾಯಿತು, ಪರದೆ ಮೇಲೆದ್ದಿತು. ಸಾಹುಕಾರನೊಬ್ಬನ ಮನೆಯ ಕತೆ. ಸೊಸೆಯ ಮೇಲೆ ಇಲ್ಲದ ಅಪವಾದ ಹೊರಿಸಿ ಹೊರಗೆ ಹಾಕುತ್ತಾರೆ, ಅವಳ ಕೂಸು ಬೇರೆಲ್ಲೋ ಬೆಳೆಯುತ್ತದೆ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ; ಉಳಿದದ್ದು ಚೂರುಚೂರು. ಏಕೆಂದರೆ ನಾನು ಒಂದು ಕಡೆ ಕೂತಿರಲಿಲ್ಲ. ಮೊದಲು ಎದ್ದದ್ದು, ಅತ್ತೆ ಡಾಕ್ಟರನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದಾಳೋ ಏನೋ ಎಂದು ಬಾಗಿಲಿನಿಂದ ಇಣುಕಲು. ಆಮೇಲೆ ನೀರು ಕುಡಿಯಲು. ಆಮೇಲೆ ಒಂದು ಹಾಸ್ಯದ ಪಾತ್ರ ಬಂದು, ಹೆಂಡತಿಗೆ ಹೆದರಿ ಮಂಚದ ಕೆಳಗೆ ಅವಿತುಕೊಂಡಾಗ ಜನವೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅದು ತಡೆಯಲಾರದೆ ಹೊರಗೆ ಹೋಗಿ ನಿಂತೆ. ಪ್ರತಿ ಸಲ ಎದ್ದಾಗಲೂ ಹಗ್ಗದ ಪಕ್ಕದ ದಾರಿಯಲ್ಲೇ ಹೋಗಬೇಕು, ಹೆಂಗಸರ ಸಾಲು ಅಲ್ಲಿಂದ ಕಾಣುತ್ತಿತ್ತು. ಅವ್ವ ಅಲುಗಾಡದೆ, ಬಾಯಿ ತುಸು ತೆರೆದುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ವಿರಾಮದಲ್ಲಿ ಇಬ್ಬರೂ ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರು. ಅವ್ವ ಹೋದಲ್ಲೆಲ್ಲ ಪರಿಚಯ ಮಾಡಿಕೊಳ್ಳುವವಳು, ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ.

ಐದೂಮುಕ್ಕಾಲಾಯಿತು. ರಂಗದ ಮೇಲೆ ಕೋರ್ಟು ಬಂದಿತ್ತು. ಬೆಳೆದ ಮಗನೇ ವಕೀಲನಾಗಿ ಬಂದಿದ್ದ, ಎದುರಿಗೆ ನಿಂತ ಹೆಂಗಸು ತನ್ನ ತಾಯಿ ಎಂದು ಅವನಿಗೆ ತಿಳಿಯದು. ನನಗೆ ಬಸ್ಸಿನ ಚಿಂತೆ ಹತ್ತಿತು. ಹಗ್ಗದ ಹತ್ತಿರ ಹೋಗಿ, "ಅವ್ವ, ಏಳು, ಬಸ್ಸು ತಪ್ಪುತ್ತೆ," ಎಂದು ಪಿಸುಗುಟ್ಟಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿದೆ. ಅವಳು ರಂಗದ ಮೇಲಿನ ಕಣ್ಣು ತೆಗೆಯದೆ, "ನೀ ಓಗಿ ಬಸ್ಸು ಇಡ್ಕಳ್ಳೋಗು, ನಾ ಬತ್ತೀನಿ," ಎಂದಳು. ಸುತ್ತಲಿನ ಹೆಂಗಸರು ನನ್ನನ್ನು ದುರುಗುಟ್ಟಿ ನೋಡಿದರು. ಅವಳ ತಂದೆ ಎಮ್ಮೆಗಾಗಿ ಎಬ್ಬಿಸಿದ, ಕೂಸಾಗಿದ್ದಾಗ ನಾನು ಅತ್ತು ಎಬ್ಬಿಸಿದೆ, ಈಗ ಇಪ್ಪತ್ತೇಳು ವರ್ಷದವನಾಗಿ, ಪೂರ್ತಿ ತೋರಿಸುತ್ತೇನೆಂದು ಕರೆದುಕೊಂಡು ಬಂದು, ಮತ್ತೆ ಎಬ್ಬಿಸಲು ನಿಂತಿದ್ದೆ ಎಂಬುದು ಆಗ ಹೊಳೆಯಲಿಲ್ಲ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಮಳವಳ್ಳಿ ಬಸ್ಸು ನಿಂತಿತ್ತು. ಡ್ರೈವರು ಬಾನೆಟ್ಟಿನ ಮೇಲೆ ಕಾಲು ಚಾಚಿ ಮಲಗಿದ್ದ. ಸೀಟಿಗೆ ಟವೆಲು ಹಾಕಿ ವಾಪಸು ಓಡಿ ಬರುವ ಹೊತ್ತಿಗೆ ಜನ ಮೂಗು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಅವ್ವ ಎಲ್ಲರಿಗಿಂತ ಕೊನೆಗೆ, ಮೆಲ್ಲಗೆ, ಒಬ್ಬಳೇ ಬಂದಳು.

ಕೊನೆಗೇನಾಯಿತೆಂದು ಬಸ್ಸಿನಲ್ಲಿ ಕೇಳಿದೆ. ಮಗ ತಾಯಿಯ ಕಾಲಿಗೆ ಬಿದ್ದ ಎಂದಳು. ಭಾರತೀನಗರ ದಾಟಿದ ಮೇಲೆ ಇನ್ನೊಮ್ಮೆ ಕೇಳಿದಾಗ, ತಾಯಿ ಅವನನ್ನು ಗುರುತೇ ಹಿಡಿಯದವಳ ಹಾಗೆ ನಡೆದುಹೋದಳು ಎಂದಳು. ಯಾವುದು ನಿಜ ಎಂದರೆ, "ನೀನು ನೋಡ್ಬೇಕಿತ್ತು," ಎಂದು ಕಿಟಕಿಯ ಕಡೆ ತಿರುಗಿದಳು. ಮನೆಯಲ್ಲಿ ಅಪ್ಪ ಡಾಕ್ಟರು ಏನೆಂದರು ಎಂದು ಕೇಳಿದ. "ಕಣ್ಣಿಗೇನೂ ಆಗಿಲ್ವಂತೆ. ಊವಿನ ರಸ ಮಾತ್ರ ಇನ್ನು ಬುಡಬ್ಯಾಡಿ ಅಂದ್ರು," ಎಂದಳು ಅವ್ವ.

ಮುಂದಿನ ಹದಿನೈದು ದಿನ ನಾನು ಸರೋಜಳಿಗೆ ಒಂದು ಕಾಗದ ಬರೆಯುವುದರಲ್ಲಿ ಕಳೆದೆ. ಅವಳ ಮನಸ್ಸು ನೋಯಬಾರದು, ನನ್ನ ತತ್ವವೂ ಬಿಟ್ಟುಹೋಗಬಾರದು. ಮೊದಲ ಕರಡು ಪರೀಕ್ಷೆಯ ಉತ್ತರಪತ್ರಿಕೆಯ ಹಾಗಿತ್ತು. ಎರಡನೆಯದನ್ನು ಓದಿ ನನಗೇ ಭಯವಾಯಿತು. ಮೂರನೆಯದನ್ನು ಎಷ್ಟು ಮೃದುಮಾಡಿದೆನೆಂದರೆ ಕೊನೆಗೆ ಅದು ಪ್ರೇಮಪತ್ರವಾಗಿ ನಿಂತಿತು. ಮೂರು ವರ್ಷದ ಹಿಂದೆ ನೋಡಿದ ಹುಡುಗಿ; ಅವಳು ನನಗಾಗಿ ಕಾದು ಕೂತಿದ್ದಾಳೆ, ನೇರಳೆ ಸೀರೆ ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ, ನನ್ನ ಕಾಗದ ತಲುಪಿದ ದಿನ ಏನು ಮಾಡಿಕೊಳ್ಳುತ್ತಾಳೋ ಎಂದು ನಿದ್ದೆ ಬರಲಿಲ್ಲ. ಅವ್ವ ಏನೂ ಆಗದವಳಂತೆ ಇದ್ದಳು. ಅವಳದು ಕಲ್ಲು ಮನಸ್ಸೆಂದು ಡೈರಿಯಲ್ಲಿ ಎರಡು ಕಡೆ ಬರೆದಿದ್ದೇನೆ.

ಎರಡು ವಾರದ ಮೇಲೆ, ಭಾನುವಾರ ಬೆಳಿಗ್ಗೆ, ಅತ್ತೆ ಬಸ್ಸಿಳಿದು ಬಂದಳು. ಅಪ್ಪ ಜಗಲಿಯ ಮೇಲಿದ್ದ, ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು, ನಾನು ಅವ್ವನ ಪಕ್ಕ ಕೂತಿದ್ದೆ. ಅತ್ತೆ ಚೀಲದಿಂದ ಅರಿಸಿನ ಕುಂಕುಮದ ಕಟ್ಟು ತೆಗೆದು ಅವ್ವನ ಮುಂದಿಟ್ಟಳು.

"ಅಣ್ಣ, ಏನೂ ತಿಳ್ಕಬ್ಯಾಡ. ಉಡುಗಿ ಒಲ್ಲೆ ಅಂತಾಳೆ."

"ಏನನ್ನ?" ಎಂದ ಅಪ್ಪ.

"ನಿನ್ ಮಗನ್ನ."

ಅಪ್ಪ ನನ್ನನ್ನೂ ಕಟ್ಟನ್ನೂ ನೋಡಿದ. ಅವನಿಗೆ ಸೀರೆಯ ವಿಷಯವೇ ಗೊತ್ತಿರಲಿಲ್ಲ. ಅತ್ತೆ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಆಮೇಲೆ ತಲೆ ಚಚ್ಚಿಕೊಂಡು, "ನಾನು ಸೀರೆ ತಗಂಡು ಮನೆಗೋದ್ರೆ ಅವಳಿಲ್ಲ. ಪರೀಕ್ಸೆ ಅತ್ರ ಬಂತು, ಭಾನುವಾರನೂ ಟೈಪಿಂಗ್ ಕ್ಲಾಸು ಅಂತ ಏಳ್ಬುಟ್ಟು ನಾಟಕಕ್ಕೋಗಿದ್ಲಂತೆ ಕಳ್ಳಿ. ಅಲ್ಲಿ ಅತ್ಗೆ ಪಕ್ಕದಲ್ಲೇ ಕೂತಿದ್ಲಂತೆ. ಇಬ್ರೂ ಮಾತಾಡ್ಕಂಡವ್ರೆ. ನಂಗೆ ಮೊನ್ನೆ ಬಾಯ್ಬುಟ್ಲು," ಎಂದಳು.

ಅಪ್ಪ ನಿಧಾನವಾಗಿ ಅವ್ವನ ಕಡೆ ತಿರುಗಿದ. "ಕಣ್ಣಾಸ್ಪತ್ರೇಲಿ ಈಗ ನಾಟಕ ಆಡುಸ್ತಾರಾ?"

ಅವ್ವ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಕಣ್ಣು ಸರಿಯಾಗೈತೋ ಇಲ್ವೋ ಅಂತ ಎಂಗ್ ಗೊತ್ತಾಗ್ಬೇಕು ಮತ್ತೆ? ಕೊನೇ ಗಂಟ ಕಾಣ್ತು."

ಅಪ್ಪ ಹೆಗಲ ಮೇಲಿನ ಟವೆಲು ಕೊಡವಿದ. ಈಗ ಸಿಡಿಯುತ್ತಾನೆ ಎಂದುಕೊಂಡೆ. "ಎಂಗಿತ್ತು?" ಎಂದ. "ಚೆಂದಾಗಿತ್ತು," ಎಂದು ಅವ್ವ ಸೀರೆಯ ಕಟ್ಟನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು. ಕೊಟ್ಟ ಸೀರೆ ವಾಪಸು ಬಂದರೆ ಅದನ್ನು ಯಾರು ಉಡಬೇಕೆಂದು ಯಾರೂ ಕೇಳಲಿಲ್ಲ.

ನಾನು ಅವ್ವನ ಕಿವಿಯ ಹತ್ತಿರ ಬಾಗಿ, ಆ ದಿನವೇ ಎಲ್ಲ ಗೊತ್ತಿದ್ದೂ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನೀನೂ ಬ್ಯಾಡ ಅಂತಿದ್ದೆ, ಅವಳೂ ಬ್ಯಾಡ ಅಂದ್ಲು. ಇಬ್ರೂ ಒಪ್ಕಂಡ ಮ್ಯಾಲೆ ಏಳಾದೇನ್ಲಾ?" ಎಂದಳು. ಮಾತು ಸರಿಯಾಗಿಯೇ ಇತ್ತು. ಹದಿನೈದು ದಿನದಿಂದ ನಾನು ಬೇಡಿಕೊಂಡದ್ದೇ ಇದು. ಆದರೆ ನಾನು ಬೇಡವೆನ್ನುವುದು ಬೇರೆ, ನನ್ನನ್ನು ಬೇಡವೆನ್ನುವುದು ಬೇರೆ ಎಂದು ಎದೆಯಲ್ಲಿ ಏನೋ ಚುಚ್ಚಿತು. ಏನೂ ಲಕ್ಷ್ಯವಿಲ್ಲದವನ ದನಿಯಲ್ಲಿ, "ಯಾಕಂತೆ?" ಎಂದು ಅತ್ತೆಯನ್ನು ಕೇಳಿದೆ. ನನ್ನ ಓದು ಹೆಚ್ಚಾಯಿತು, ತಾನು ತಕ್ಕವಳಲ್ಲ ಎಂದಿರಬೇಕು ಎಂದು ಸಮಾಧಾನದ ಎರಡು ಮಾತುಗಳನ್ನೂ ಸಿದ್ಧಮಾಡಿಕೊಂಡೆ.

ಅತ್ತೆ ಸಂಕೋಚಪಟ್ಟಳು. "ಬ್ಯಾಸರ ಮಾಡ್ಕಬ್ಯಾಡ ಕಣಪ್ಪ ಸಿದ್ದರಾಜು. ಮೂರು ಗಂಟೆ ಆಟದಲ್ಲಿ ಆರು ಸಲ ಎದ್ದೋದ್ಯಂತೆ ನೀನು. ನಾಟಕ ನೋಡಾಕೇ ಒಂದ್ಕಡೆ ಕೂರ್ದೋನು ಸಂಸಾರದಲ್ಲಿ ಎಂಗ್ ಕೂತಾನವ್ವ ಅಂತಾಳೆ."

ಆರು ಸಲ ಎಂಬುದು ಶುದ್ಧ ಸುಳ್ಳು. ನಾಲ್ಕೇ ಸಲ, ಡೈರಿಯಲ್ಲಿ ಸ್ಪಷ್ಟವಾಗಿದೆ. ಮನುಷ್ಯರ ನೆನಪನ್ನು ನಂಬಬಾರದು, ಬರೆದದ್ದನ್ನು ತೋರಿಸಿದರೆ ಅತ್ತೆಗೂ ಅತ್ತೆಯ ಮಗಳಿಗೂ ಅರ್ಥವಾಗುತ್ತದೆ ಎಂದು ಅದನ್ನು ತರಲು ಒಳಕ್ಕೆ ಹೊರಟೆ.

"ಅಗಾ ನೋಡು," ಎಂದ ಅಪ್ಪ, "ಎದ್ದ."